ಇದು ಚೆನ್ನೋ, ಅದು ಚೆನ್ನೋ

ವಿಲ್ಕಾನಿಯಾದಲ್ಲಿ ಹದಿನೇಳು ಜೊತೆ ಕಣ್ಣು ನೋಡಿ
ಬ್ರೋಕನ್ ಹಿಲ್‌ಗೆ ಹೊರಟಿದ್ದೆ, ಬಾಡಿಗೆಯ ಹೊಸ ಕಾರಲ್ಲಿ.
ಎದುರಿಗೆ ಧೂಳಿನ ಗೋಡೆ ಎದ್ದಿತು, ಕೆಮ್ಮಣ್ಣಿನದು.
ಹೊರಗಾಳಿ ಮುಚ್ಚುವ ಗುಂಡಿಗೆ ತಡಕಾಡಿದೆ.
ಗುಂಡಿಯೇ ಇಲ್ಲ. ಸ್ಲೇಟಿನಗಲದ ಗಾಜು,
ಅದರೊಳಗೊಂದು ಚಿತ್ರ, ಚಿತ್ರದೊಳಗೊಂದು ಪಟ್ಟಿ,
ಪಟ್ಟಿಯ ತಳದಲ್ಲೆಲ್ಲೋ ಬಾಲ ಸುತ್ತಿಕೊಂಡ ಬಾಣ.
ಒತ್ತಿದೆ. ರೇಡಿಯೊ ಹಾಡತೊಡಗಿತು.
"ದಯವಿಟ್ಟು ರಸ್ತೆಯ ಮೇಲೆ ಕಣ್ಣಿಡಿ"
ಎಂದು ಬರೆಯಿತು ಗಾಜು. ಅದನ್ನು ಓದಲೆಂದೇ
ರಸ್ತೆಯಿಂದ ಕಣ್ಣು ತೆಗೆದಿದ್ದೆ.

ಹಲ್ಲಿನ ಸಂದಿಗೂ ಮಣ್ಣು ಹೊಕ್ಕಿತು.

ಊರು ಮುಟ್ಟುವ ಹೊತ್ತಿಗೆ ಗಾಜು ಕಪ್ಪಾಗಿತ್ತು.
ಕಾರ್ಮೆನ್ ಝಮ್ಮಿಟ್ ತನ್ನ ಶೆಡ್ಡಿನಲ್ಲಿ
ಬಾನೆಟ್ಟು ಕೂಡ ಎತ್ತಲಿಲ್ಲ.
"ಇದಕ್ಕೆ ನನ್ನ ಸ್ಪ್ಯಾನರಿನ ಭಾಷೆ ಬರೋದಿಲ್ಲ.
ಟ್ರಕ್ಕಿನ ಮೇಲೆ ಮಲಗಿಸಿ ಅಡಿಲೇಡಿಗೆ ಕಳಿಸು,
ಲ್ಯಾಪ್‌ಟಾಪ್ ಇರೋ ಹುಡುಗ ಯಾವನಾದರೂ ಮಾತಾಡಿಸ್ತಾನೆ,"
ಅಂದವಳೇ ತನ್ನ ಯೂಟಿನ ಬೀಗದಕೈ ಎಸೆದಳು.

ಎಂಬತ್ತೆರಡರ ಗಾಡಿ. ಕಿಟಕಿಗೆ ಸುತ್ತುವ ಹಿಡಿ,
ರಾಗಿಕಲ್ಲಿನ ಗೂಟದ ಹಾಗೆ ಅಂಗೈಗೆ ಕೂತಿತು.
ಫ್ಯಾನಿನ ತಿರುಪು ಮುರಿದ ಜಾಗದಲ್ಲಿ
ಯಾರದೋ ಮೇಜಿನ ಡ್ರಾಯರಿನ ಪಿಂಗಾಣಿ ಗುಬುಟು,
ನೀಲಿ ಹೂವು ಅರ್ಧ ಸವೆದದ್ದು.
ಒಂದು. ಎರಡು. ಮೂರು.
ಕಟ್. ಕಟ್. ಕಟ್.
ಕಣ್ಣು ಬೇಕಾಗಲಿಲ್ಲ.

ಸುಳ್ಳೇಕೆ ಹೇಳಲಿ, ಅದರ ಹೀಟರು ಎಂದೂ ಆರುವುದಿಲ್ಲ,
ನಲವತ್ತೊಂದು ಡಿಗ್ರಿಯಲ್ಲಿ ನನ್ನ ಪಾದ ಹುರಿಗಡಲೆ.
ಎಣ್ಣೆ ಕುಡಿಯುತ್ತದೆ. ಗುದ್ದಿದರೆ ಎದೆಗೆ ಗಾಳಿಚೀಲವಿಲ್ಲ.
ಹಿಂದಕ್ಕೆ ತೆಗೆಯಲು ಕತ್ತು ಪೂರ್ತಿ ಹೊರಳಬೇಕು;
ನನ್ನದು ಅಷ್ಟು ಹೊರಳದೆ
ಆರ್ಜೆಂಟ್ ಬೀದಿಯ ಕಂಬವೊಂದಕ್ಕೆ
ಬಿಳಿ ಬಣ್ಣದ ಗುರುತು ಕೊಟ್ಟು ಬಂದೆ.

ಗುರುವಾರ ಕಾರ್ಮೆನ್ ನನ್ನ ಕುರ್ಚಿಯಲ್ಲಿ ಕೂತಳು.
ನಡುವಿನ ನೋಟ ಕರಗುತ್ತಿದೆ. ಅಂಚಷ್ಟೇ ಉಳಿದೀತು.
ಹೇಗೆ ಹೇಳಲಿ ಎಂದು ಗಂಟಲು ಸರಿಮಾಡಿಕೊಂಡೆ.
"ಗೊತ್ತು ಬಿಡು," ಅಂದಳು.
ಮತ್ತೆ ನಟ್ಟು, ಬೋಲ್ಟು?
"ಅವು ಬೆರಳಿಗೆ ಗೊತ್ತು."

ಅವಳ ಮೂಗಿನ ಮೇಲೆ ನನ್ನ ಹಳೆಯ ಯಂತ್ರ ಇಳಿಸಿದೆ:
ಕಬ್ಬಿಣದ ಚಿಟ್ಟೆ, ಎರಡೂ ರೆಕ್ಕೆಯ ತುಂಬ
ಹಲ್ಲಿನ ಚಕ್ರ, ಮಸೂರ.
ತಿರುಗಿಸಿದೆ.
"ಇದು ಚೆನ್ನೋ, ಅದು ಚೆನ್ನೋ?"
"ಇನ್ನೊಮ್ಮೆ."
ಕಟ್. "ಇದೋ?" ಕಟ್. "ಅದೋ?"

ಅವಳು ಅಕ್ಷರ ನೋಡುತ್ತಿರಲಿಲ್ಲ,
ಕಿವಿಗೊಟ್ಟಿದ್ದಳು.
"ಎಡಗಡೆ ಚಕ್ರದ ಸ್ಪ್ರಿಂಗು ಸಡಿಲ ಆಗಿದೆ," ಅಂದಳು,
"ಸಣ್ಣ ಸ್ಕ್ರೂಡ್ರೈವರ್ ಇದ್ದರೆ ಕೊಡು."