ಒಂದಗುಳು

ಸಿಡ್ನಿ ಸವೆದು ಮುಗಿಯುವಲ್ಲಿ, ನರೆಲ್ಲನ್ನಿನ
ಹಳೆಯ ಗೋರಿಗಳ ಹಿಂದೆ, ಬೇಲಿಗೂ ಹೆದ್ದಾರಿಗೂ ನಡುವೆ
ಯಾರದ್ದೂ ಅಲ್ಲದ ಒಂದು ಪಟ್ಟಿ ನೆಲ:
ಅಗಲ, ನನ್ನ ಯಂತ್ರದ ಮೂರು ಸುತ್ತು.
ಅಲ್ಲಿದೆ ಅದು.
ಇದೆ ಎಂದರೆ ನಂಬಬೇಕು, ಅಷ್ಟೆ.
ಮೊಣಕಾಲಿಗೂ ಬಾರದ ಕಡ್ಡಿ,
ಎದುರುಬದುರು ಕೂತ ಉಗುರಗಲದ ಎಲೆ,
ಹೂ ಬಿಡದಿದ್ದರೆ ಹುಲ್ಲಿನೊಳಗೆ ಹುಲ್ಲು.

ಮಳೆ ಬಿದ್ದು ಕೆಲವು ವಾರಕ್ಕೆ,
ತಿಂಗಳು ಯಾವುದೆಂದು ಕೇಳದೆ,
ತುದಿಯಲ್ಲಿ ನಾಲ್ಕೆಸಳಿನ ಬಿಳಿ,
ಬಿಳಿಯ ಬೆನ್ನಿಗೆ ತುಸು ಗುಲಾಬಿ,
ಕುಂಕುಮದ ಕೈಯಲ್ಲಿ ಕಲಸಿದ ಅಕ್ಷತೆ.
ಹಿಡಿಯಲ್ಲ, ಚಿಟಿಕೆ.
ಇಲ್ಲಿನವರೂ ಇದನ್ನು ಅಕ್ಕಿಹೂ ಎನ್ನುತ್ತಾರೆ,
ಹಡಗಿಳಿದು ಬಂದವರು ಇಟ್ಟ ಹೆಸರು.
ಅದಕ್ಕೂ ಮೊದಲು ಧರಾವಲ್ ಮಂದಿ ಏನೆಂದು ಕರೆದಿದ್ದರೋ
ಡಾರ್ಕಸ್ ಪೆಂಟ್ಲಿಗೂ ತಿಳಿಯದು.
ತಿಳಿಯದು ಎನ್ನುವಾಗ ಆಕೆ
ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಾಳೆ.

ಎಪ್ಪತ್ತೆಂಟರ ಡಾರ್ಕಸ್, ನಿವೃತ್ತ ದಾದಿ.
ಹೆಣಿಗೆಯ ಕಡ್ಡಿಗಳಿಗೆ ಕೆಂಪು ಉಲ್ಲನ್ ಸುತ್ತಿ
ಗಿಡಕ್ಕೊಂದರಂತೆ ನೆಲಕ್ಕೆ ಚುಚ್ಚುತ್ತಾಳೆ.
ನಾನದನ್ನು ಮೊದಲು ಕಂಡದ್ದು
ಬ್ಲೇಡಿಗೆ ಸಿಕ್ಕಿ ಟಣ್ಣೆಂದಾಗ.
ಇಳಿದು ಬೈದೆ, ಕನ್ನಡದಲ್ಲೇ.
ಗೋರಿಗಳ ನಡುವಿಂದ ಎದ್ದು ಬಂದಳು,
ಎದೆ ಝಲ್ಲೆಂದಿತು, ನೋಡಿದರೆ
ಮೊಣಕಾಲಿಗೆ ಕಾಲೊರಸಿನ ತುಂಡು ಕಟ್ಟಿಕೊಂಡ ಮುದುಕಿ.
“ಅಲ್ಲಾಡಬೇಡ. ನೀನು ನಿಂತಿರುವುದು ಹನ್ನೊಂದನೆಯದರ ಮೇಲೆ.”

ಆ ದಿನದ ಲೆಕ್ಕ ಹದಿನಾಲ್ಕು.
ಕೌನ್ಸಿಲ್ಲಿನ ಹಳದಿ ಅಂಗಿಯಲ್ಲೇ ಮಂಡಿಯೂರಿ
ಕಾಂಗರೂ ಹುಲ್ಲನ್ನು ಬೆರಳಲ್ಲಿ ಬಗೆದೆ.
ನಮ್ಮವ್ವ ಮೊರದಲ್ಲಿ ಅಕ್ಕಿ ಅತ್ತ ಸರಿಸಿ
ಕಲ್ಲು ಆರಿಸುತ್ತಿದ್ದಳು.
ಇಲ್ಲಿ ಮೊರದ ತುಂಬ ಬೇರೇನೋ,
ಆರಿಸಬೇಕಾದ್ದು ಅಕ್ಕಿ.
ಅನ್ನ ಬೆಂದಿತೇ ನೋಡಲು ಒಂದಗುಳು ಸಾಕು, ಎನ್ನುತ್ತಿದ್ದಳು.
ಸಾಕು, ತಪ್ಪಲೆ ತುಂಬ ಇದ್ದಾಗ.
ಹದಿನಾಲ್ಕೇ ಅಗುಳಿದ್ದರೆ
ಯಾವುದನ್ನು ಹಿಸುಕುವುದು?

ಆಕೆಗೆ ನಾನು ಹೇಳದೇ ಇದ್ದದ್ದು:
ಆರು ವರ್ಷದಿಂದ ಈ ಪಟ್ಟಿಗೆ ಬರುವವನು ನಾನೇ,
ತಿಂಗಳಿಗೊಂದು ಗುರುವಾರ, ಕಿವಿ ಮುಚ್ಚಿಕೊಂಡು,
ಹೂವಿದ್ದರೂ, ಇಲ್ಲದಿದ್ದರೂ.
ಮರುವರ್ಷದ ಚಳಿಯಲ್ಲಿ, ಫ್ಲಾಸ್ಕಿನ ಚಹಾ ಹಂಚಿಕೊಳ್ಳುತ್ತ
ಬಾಯಿಬಿಟ್ಟೆ.
ಬಹಳ ಹೊತ್ತು ಮುಚ್ಚಳ ತಿರುಗಿಸಿದಳು.
“ಗೊತ್ತು. ನೀನು ಕೊಯ್ಯದ ಆ ಬದಿ ನೋಡು.”
ಆ ಬದಿ ಹುಲ್ಲು ಸೊಂಟದೆತ್ತರ,
ಎಲ್ಲಿಂದಲೋ ಬಂದ ಆಲಿವ್ ಹೆಗಲೆತ್ತರ,
ಕೆಂಪು ಉಲ್ಲನ್ ಒಂದೂ ಇಲ್ಲ.
“ಕೆಳಗೆ ಗೆಣಸಿನಂಥ ಬೇರಿದೆ ಇದಕ್ಕೆ.
ತಲೆ ಹೋದರೆ ಚಿಗುರೀತು, ಬಿಸಿಲು ಹೋದರೆ ಇಲ್ಲ.
ಹಾಗಂತ ಬೀಗಬೇಡ,
ನನಗೂ ಖಾತ್ರಿಯಿಲ್ಲ.”

ಈಗ ಬ್ಲೇಡು ನಾಲ್ಕು ಬೆರಳು ಮೇಲೇರಿಸಿ
ಬೀಜ ಉದುರಿದ ಮೇಲೆ ಬರುತ್ತೇನೆ,
ಡಾರ್ಕಸ್ ಫೋನು ಮಾಡಿದಾಗ.
ಕಳೆದ ವಾರ ಹದಿನೇಳು ಎಂದಳು.
ನನಗೆ ಸಿಕ್ಕಿದ್ದು ಹದಿನಾರು.
ಇನ್ನೊಮ್ಮೆ ಎಣಿಸೋಣ ಎಂದು ಬಗ್ಗಿದೆವು.
ಅಷ್ಟರಲ್ಲಿ ಇಟ್ಟಿಗೆಯ ಲಾರಿಯೊಂದು ಹಾದು
ಪಟ್ಟಿಯಿಡೀ ಬಾಗಿ ಎದ್ದಿತು.
ಎಲ್ಲಿಂದ ಶುರುಮಾಡಿದ್ದೆವೋ
ಇಬ್ಬರಿಗೂ ಮರೆತುಹೋಯಿತು.