ಪೆಟ್ಟಿಗೆಯ ಮೇಲಿನ ವರ್ಷ

ಗ್ರಿಮ್ಸ್‌ಬಿಯಲ್ಲಿ ಗಾಳಿಗೂ ಮೀನಿನ ವಾಸನೆ.
ನಮ್ಮ ವಕೀಲರ ಕಚೇರಿಯ ಕೆಳಗೆ ಕೀಲಿಕೈ ಮಾಡುವ ಅಂಗಡಿ,
ಹಗಲೆಲ್ಲ ಕಿರ್ರೆನ್ನುವ ಅರ.
ಮೇಲೆ ನಾನು, ಇಪ್ಪತ್ತೆರಡು ವರ್ಷದಿಂದ
ಕಂಡವರ ಸಂಕಟಕ್ಕೆ ಪುಟಸಂಖ್ಯೆ ಹಾಕುವವಳು.

ಲಿನೆಟ್ ಡ್ರೂರಿ ಬಂದದ್ದು ಒಂದು ಮಂಗಳವಾರ,
ಮೀನು ಹೊಗೆಗಿಡುವ ಶೆಡ್ಡಿನ ಪಾಳಿ ಮುಗಿಸಿ,
ಕೂದಲಿಗೆ ಇನ್ನೂ ನೀಲಿ ಬಲೆ.
"ಯಾರನ್ನೂ ಜೈಲಿಗೆ ಹಾಕಿಸಬೇಕಿಲ್ಲ," ಎಂದಳು ಕೂರುವ ಮೊದಲೇ,
"ಆ ರಾತ್ರಿ ಏನಾಯಿತು ಅಂತ ಹೇಳಿದರೆ ಸಾಕು.
ಮತ್ತೆ, ಮೆಟ್ಟಿಲು. ಹದಿಮೂರು ಮೆಟ್ಟಿಲು.
ರೋವನ್ ಈಗ ಇಪ್ಪತ್ತು ಕಿಲೋ."

ಹಣೆಬರಹ ಕಂಡವರಿಲ್ಲ ಅನ್ನುತ್ತಾರೆ.
ನಾನು ಕಂಡಿದ್ದೇನೆ:
ಮೂರೂವರೆ ಮೀಟರು ಉದ್ದ, ಗುಲಾಬಿ ಚೌಕುಳಿ,
ನಿಮಿಷಕ್ಕೊಂದು ಸೆಂಟಿಮೀಟರಿನಂತೆ
ಇನ್ನೂ ಹುಟ್ಟದ ಹೃದಯ ತಾನೇ ಬರೆದುಕೊಂಡ ಗೆರೆ.
ಮೇಜು ಸಾಲದೆ ನೆಲದ ಮೇಲೆ ಬಿಡಿಸಿದೆವು.
ವಕೀಲೆ ಪಾರ್ಟ್ರಿಜ್ ಬೂಟು ಕಳಚಿ ಮೊಣಕಾಲೂರಿದರು.
ಎರಡು ಗಂಟೆ ಹತ್ತಕ್ಕೆ ಗೆರೆ ಇಳಿಯುತ್ತದೆ.
ಏಳುತ್ತದೆ, ತಡವಾಗಿ.
ಮತ್ತೆ ಇಳಿಯುತ್ತದೆ.
ಬಾಗಿಲು ತಟ್ಟುವವರೂ ಹೀಗೇ,
ಮೊದಲು ಜೋರಾಗಿ, ಆಮೇಲೆ ಬಿಟ್ಟು ಬಿಟ್ಟು.
ಇಪ್ಪತ್ತಾರು ನಿಮಿಷ, ಇಪ್ಪತ್ತಾರು ಸೆಂಟಿಮೀಟರು,
ಅಳೆದೆ: ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ.
ಅಷ್ಟು ಹೊತ್ತಿಗೆ ಆಸ್ಪತ್ರೆಯ ಟಿಪ್ಪಣಿಯಲ್ಲಿ ಒಂದೇ ಸಾಲು,
"ತಾಯಿ ನೆಮ್ಮದಿಯಾಗಿದ್ದಾಳೆ."

ಆ ಕಾಗದ ಮಾಸುವ ಜಾತಿಯದು, ಅಂಗಡಿಯ ರಸೀದಿಯಂತೆ.
ಏಳು ವರ್ಷಕ್ಕೆ ಅರ್ಧ ಗೆರೆ ಬೂದಿ.
ನಕಲು ತೆಗೆದೆ, ಕಪ್ಪು ಹೆಚ್ಚಿಸಿ, ಇನ್ನೂ ಹೆಚ್ಚಿಸಿ.

ದಿನಚರಿ ಬರೆದು ತನ್ನಿ ಎಂದಿದ್ದೆವು, ಗಂಟೆ ಬಿಡದೆ.
ತಂದಳು.
"ಹನ್ನೊಂದಕ್ಕೆ ಮಗ್ಗುಲು ಹೊರಳಿಸಿದೆ. ಎರಡಕ್ಕೆ ಹೊರಳಿಸಿದೆ.
ನಾಲ್ಕಕ್ಕೆ ಕಫ ತೆಗೆದೆ. ನಾಲ್ಕೂ ಕಾಲಿಗೆ ನಕ್ಕ,
ಹಡಗು ಕೂಗಿದ್ದು ಕೇಳಿ. ನಾನೂ ನಕ್ಕೆ.
ಇದನ್ನೂ ಬರೆಯಬೇಕಾ? ಇದು ಕೆಲಸವಾ?"
ಇರಲಿ ಎಂದೆ. ಆದರೆ ನಗುವಿಗೆ ಕಾಲಮು ಇರಲಿಲ್ಲ.
ಉಳಿದದ್ದಕ್ಕೆ ಗಂಟೆಯ ದರ ಉಂಟು:
ಹೊರಗಿನವರು ಮಾಡಿದರೆ ಪೂರ್ತಿ,
ಹೆತ್ತವಳು ಮಾಡಿದರೆ ಕಾಲುಭಾಗ ಕಡಿತ.
ಆ ಪುಟ ಟೈಪು ಮಾಡಿ ಅವತ್ತು ಬೇಗ ಮನೆಗೆ ಹೋದೆ.

ಕೊನೆಗೆ ಲೀಡ್ಸಿನ ಒಂದು ಕೋಣೆ, ನೀರಿನ ಜಗ್ಗು, ಎರಡು ಪಕ್ಷ.
ತಪ್ಪು ಒಪ್ಪಿದ ಪತ್ರ ಮೊದಲೇ ಬಂದಿತ್ತು,
ಮಗುವಿನ ಹೆಸರಲ್ಲಿ ಒಂದು ಅಕ್ಷರ ತಪ್ಪಿ.
ಉಳಿದದ್ದು ಆಯುಸ್ಸಿನ ಚೌಕಾಸಿ.
ಅವರ ಡಾಕ್ಟರು: ಇಪ್ಪತ್ತೊಂಬತ್ತು.
ನಮ್ಮ ಡಾಕ್ಟರು: ನಲವತ್ತಾರು.
ವರ್ಷಕ್ಕಿಷ್ಟು ಡೈಪರು, ಇಷ್ಟು ಔಷಧಿ, ರಾತ್ರಿಗೆ ಆಳು,
ಬೆಳೆದಂತೆಲ್ಲ ಹೊಸ ಗಾಲಿಕುರ್ಚಿ.
ಗುಣಿಸಬೇಕು. ಗುಣಿಸಲು ಒಂದು ಅಂಕಿ ಬೇಕು.
ಲಿನೆಟ್ ಮೆಲ್ಲಗೆ ಕೇಳಿದಳು,
"ಎಂಬತ್ತು ಅಂತ ಯಾರೂ ಹೇಳುವುದಿಲ್ಲವಾ?"
ಪೆನ್ನುಗಳು ನಿಂತವು. ಯಾರೋ ನೀರು ಬಗ್ಗಿಸಿದರು.
ಮೂವತ್ತೆಂಟಕ್ಕೆ ಕುದುರಿತು.

ಕ್ಲೀಥೋರ್ಪ್ಸ್ ಕಡೆ ಈಗ ಮೆಟ್ಟಿಲಿಲ್ಲದ ಮನೆ.
ಹೊಗೆಯಾಡಿಸಿದ ಹ್ಯಾಡಕ್ ತಂದುಕೊಟ್ಟಳು, ಪೇಪರಲ್ಲಿ ಸುತ್ತಿ.
ನಮ್ಮಲ್ಲಿ ಲಿಫ್ಟಿಲ್ಲ, ನಾಚಿಕೆಯ ಮಾತು.
ರೋವನ್ ಕೆಳಗೇ ಉಳಿದ, ಕೀಲಿಕೈ ಅಂಗಡಿಯಲ್ಲಿ,
ಅರ ಕಿರ್ರೆಂದಾಗಲೆಲ್ಲ ಕೇಕೆ.
ಆ ಕೇಕೆಗಾಗಿಯೇ ಅಂಗಡಿಯವ
ಯಾವ ಬೀಗಕ್ಕೂ ಸೇರದ ಕೀಲಿಯೊಂದನ್ನು
ಅರೆದ, ಅರೆದ.

ಸಂಜೆ ಕಡತವನ್ನು ಪೆಟ್ಟಿಗೆಗೆ ಇಳಿಸಿದೆ.
ಮುಚ್ಚಳದ ಮೇಲೆ ಎರಡು ಖಾನೆ:
ಮುಗಿದ ವರ್ಷ, ನಾಶದ ವರ್ಷ.
ಎರಡನೆಯದಕ್ಕೆ ನಿಯಮವಿದೆ, ನನಗೆ ಬಾಯಿಪಾಠ.
ಬೆರಳು ಮಡಚಿ ಬೇರೆ ಲೆಕ್ಕ ಹಾಕಿದೆ,
ಎರಡು ಸಾವಿರದ ತೊಂಬತ್ತೊಂಬತ್ತು ಎಂದು ಬರೆದೆ,
ದಪ್ಪ ಮಾರ್ಕರಿನಲ್ಲಿ, ಮಾಸದ್ದರಲ್ಲಿ.
ಈವರೆಗೆ ಯಾರೂ ಕೇಳಿಲ್ಲ.