ಮುಚ್ಚಳ

ಹರಾಜು ಮುಗಿಯಲು ಹನ್ನೊಂದು ಸೆಕೆಂಡಿತ್ತು.
ಕ್ಲೈಪೆಡಾದ ಫೆರಿ ಕಟ್ಟೆ, ಟಿಕೆಟ್ ಕಿಂಡಿಯೊಳಗೆ ನಾನು,
ಹೊರಗೆ ಸೈಕಲ್ ಹಿಡಿದು ನಿಂತ ಹುಡುಗ.
ಒಂದು ನಿಮಿಷ, ಎಂದೆ ಅವನಿಗೆ.
ಮೂವತ್ನಾಲ್ಕು ಯೂರೋ, ಎಂದೆ ಜಗತ್ತಿಗೆ.

ಬರೀ ಒಂದು ಮುಚ್ಚಳಕ್ಕೆ.

ಸಕ್ಕರೆ ಬಟ್ಟಲು ಅಜ್ಜಿಯದು. ಒಂದು ಯುದ್ಧ ದಾಟಿತು,
ಮೂರು ಮನೆ ದಾಟಿತು, ನನ್ನ ಮೊಣಕೈ ದಾಟಲಿಲ್ಲ.
ಹನ್ನೆರಡು ವರ್ಷದಿಂದ ಅದರ ತಲೆಯ ಮೇಲೆ ಕಾಫಿ ಕಪ್ಪಿನ ತಟ್ಟೆ,
ಯಾರದೋ ಟೋಪಿ ಹಾಕಿಕೊಂಡು
ಮದುವೆಗೆ ಬಂದವನ ಹಾಗೆ.

ಆ ಮುಚ್ಚಳ ಬೇಕಾದವರು ಭೂಮಿಯ ಮೇಲೆ ಇಬ್ಬರೇ.
ಇನ್ನೊಬ್ಬರ ಹೆಸರು: ಒಂದಕ್ಷರ, ಮೂರು ನಕ್ಷತ್ರ, ಮತ್ತೊಂದಕ್ಷರ.
ಇಪ್ಪತ್ತಕ್ಕೆ ನಾನು ಏರಿಸಿದರೆ ಇಪ್ಪತ್ತೊಂದಕ್ಕೆ ಆ ನಕ್ಷತ್ರ.
ಆ ಸಂಜೆ ಅವರನ್ನು ಎಷ್ಟು ದ್ವೇಷಿಸಿದೆನೆಂದರೆ
ಗೆದ್ದು ಮನೆಗೆ ಹೋದಮೇಲೂ
ಸೂಪಿಗೆ ಎರಡು ಸಲ ಉಪ್ಪು ಬಿತ್ತು.

ನಿಮ್ಮ ಹೆಸರಿನ ಪಕ್ಕ ಇನ್ನೂರ ಹನ್ನೆರಡು ಹಸಿರು ಗುರುತು.
ಬೇಗ ಕಳಿಸಿದರು. ಚೆನ್ನಾಗಿ ಸುತ್ತಿದ್ದರು. ಒಳ್ಳೆಯ ಮನುಷ್ಯ.
ನೇರವಾಗಿ ಬ್ಯಾಂಕಿಗೆ ಹಾಕಿದರೆ ಎರಡು ಯೂರೋ ಕಡಿಮೆ, ಎಂದಿರಿ.
ಹಾಕಿದೆ. ಎರಡು ಉಳಿಸಿದೆ.

ಮೊದಲ ವಾರ ಬರೆದೆ: ನಮಸ್ಕಾರ, ಕಳಿಸಿದಿರಾ?
ಎರಡನೆಯ ವಾರ: ರಜೆಯಲ್ಲಿದ್ದೀರೇನೋ.
ಮೂರನೆಯ ವಾರ ಪೊಲೀಸ್ ಎಂಬ ಪದ ಬರೆದು, ಅಳಿಸಿ, ಮತ್ತೆ ಬರೆದೆ;
ಅಭ್ಯಾಸಬಲಕ್ಕೆ ಕೊನೆಯಲ್ಲಿ ದಯವಿಟ್ಟು ಎಂದೂ ಸೇರಿಕೊಂಡಿತು.
ನಾಲ್ಕನೆಯ ವಾರ: ಹುಷಾರಾಗಿದ್ದೀರಿ ತಾನೆ?

ಅದನ್ನು ನೀವು ಓದಿದಿರಿ. ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ.
ಆ ಹೊತ್ತಿನಲ್ಲಿ ಎದ್ದಿರುವವರಿಗೆ
ಏನೋ ಕಷ್ಟವಿರಬೇಕು ಎಂದು ನನಗೂ ನಿದ್ದೆ ಬರಲಿಲ್ಲ.
ನೋಡಿ, ದುಡ್ಡೂ ನನ್ನದೇ, ಮರುಕವೂ ನನ್ನದೇ.

ಹರಾಜಿನ ಕಂಪನಿ ಹೇಳಿತು: ಮಾರಿದವರನ್ನು ಸಂಪರ್ಕಿಸಿ.
ಸಂಪರ್ಕಿಸಿದೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.
ಬ್ಯಾಂಕು ಹೇಳಿತು: ಹಣ ನೀವೇ ಕಳಿಸಿದ್ದಲ್ಲವೆ?
ಎಂಜಿನ್ ಕೋಣೆಯ ಝಿಲ್ವಿನಸ್ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಹೇಳಿದ:
ಮುಚ್ಚಳ ಸಮೇತ ಹೊಸ ಬಟ್ಟಲೇ ಒಂಬತ್ತು ಯೂರೋಗೆ ಸಿಗುತ್ತಿತ್ತಲ್ಲ, ದೊವಿಲೆ.

ಸಿಗುತ್ತಿತ್ತು.

ಆಮೇಲೆ ನಕ್ಷತ್ರಗಳು ಬಿಚ್ಚಿಕೊಂಡವು.
ಇನ್ನೂರ ಹನ್ನೆರಡು ಹಸಿರಿನ ಕೆಳಗೆ
ನಾನಿಟ್ಟ ಒಂದೇ ಒಂದು ಕೆಂಪು ಗುರುತು ಹಿಡಿದು ಬಂದರು
ಪ್ಯಾರ್ನು ಊರಿನ ಕಾಲ್ಯೊ, ವಯಸ್ಸು ಎಪ್ಪತ್ತೊಂದು,
ನಿವೃತ್ತ ಭೂಮಾಪಕ.
ಮುಚ್ಚಳ ನಿಮಗೆ ಬಂತೇ? ಎಂದು ಕೇಳಿದರು.
ನೀವು ಬೇಡವೆಂದಿರಂತೆ, ಹಾಗೆಂದು ನನಗೆ ಮಾರಿದರು.
ಮೂವತ್ಮೂರು ಕೊಟ್ಟೆ.

ಒಂದು ಮುಚ್ಚಳ, ಎರಡು ಬೋಳು ಬಟ್ಟಲು,
ಅರವತ್ತೈದು ಯೂರೋ.
(ನನ್ನ ರಿಯಾಯಿತಿ ಕಳೆದಿದ್ದೇನೆ. ಲೆಕ್ಕ ಲೆಕ್ಕವೇ.)

ಅವರು ತಮ್ಮ ಬಟ್ಟಲಿನ ಫೋಟೋ ಕಳಿಸಿದರು,
ಮೇಲೆ ಜಾಮ್ ಬಾಟಲಿಯ ತಗಡು, ಕೆಂಪು ಚೌಕಳಿ.
ನಾನು ನನ್ನ ತಟ್ಟೆ ತೋರಿಸಿದೆ.
ನಿಮ್ಮದಕ್ಕೆ ಗಾಂಭೀರ್ಯವಿದೆ, ಎಂದು ಬರೆದರು.
ಐದೇ ನಿಮಿಷದಲ್ಲಿ ಉತ್ತರ!
ಉತ್ತರ ಬರುವುದೆಂದರೆ ಹೇಗಿರುತ್ತದೆಂದು ಮರೆತೇ ಹೋಗಿತ್ತು,
ಫೋನು ಕೈಯಲ್ಲಿ ಮೊಲದ ಹಾಗೆ ಅದುರಿತು.

ಅವರು ಕಾರ್ಡಿನಲ್ಲಿ ಕೊಟ್ಟಿದ್ದರಿಂದ ಹಣ ವಾಪಸು ಬಂತು.
ಅರ್ಧ ನಿಮಗೆ ಕಳಿಸಲೇ, ಎಂದರು. ಬೇಡ ಎಂದೆ.
ಈಗ ಮಂಜು ಬಿದ್ದು ಫೆರಿ ನಿಂತ ದಿನಗಳಲ್ಲಿ
ಅಲ್ಲಿಯ ಗಾಳಿ ಹೇಗಿದೆ ಎಂದು ಕೇಳುತ್ತೇನೆ.
ಅವರು ಅಳತೆ ಹಾಕಿಯೇ ಹೇಳುತ್ತಾರೆ.

ನಿಮಗೆ ಇದು ಕೊನೆಯ ಪತ್ರ.
ಹಣ ಕೇಳುವುದಿಲ್ಲ. ಒಂದೇ ಮಾತು: ಮುಚ್ಚಳ ನಿಜವಾಗಿ ಇತ್ತೇ?
ಫೋಟೋದಲ್ಲಿ ಅದರ ಗುಬುಟಿನ ಎಡಕ್ಕೆ
ಎಳ್ಳುಕಾಳಿನಷ್ಟು ಚಕ್ಕೆ ಹಾರಿತ್ತು.
ಅಷ್ಟು ಸಣ್ಣದನ್ನು ಯಾರೂ ಕಲ್ಪಿಸಿ ಮಾಡುವುದಿಲ್ಲ.

ಇದ್ದರೆ, ಮೇಜಿನ ಅಂಚಿಗೆ ಇಡಬೇಡಿ.
ಮೊಣಕೈ ಎಲ್ಲರಿಗೂ ಇರುತ್ತದೆ.